ಬೆಳಕಿನ ಬೆನ್ನುಹತ್ತಿದ ರಾಮನ್

ಆಕಾಶವೇಕೆ ನೀಲಿ ಎಂಬ ಪ್ರಶ್ನೆಯನ್ನು ನಮ್ಮ ಯಳವತ್ತಿಯ ಹೊಲದಲ್ಲಿ ನಿಂತ ಹುಡುಗನೂ ಕೇಳಬಲ್ಲ, ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೂ ಕೇಳಬಲ್ಲ. ಉತ್ತರ ಕೈಸೇರುವವರೆಗೆ ಪ್ರಶ್ನೆಯ ಬೆನ್ನು ಬಿಡದವರು ಮಾತ್ರ ವಿರಳ. ಚಂದ್ರಶೇಖರ ವೆಂಕಟ ರಾಮನ್ನರು ಅಂಥವರಲ್ಲಿ ಒಬ್ಬರು. ನೊಬೆಲ್ ಪಾರಿತೋಷಕದ ಮೂಲಕ ಅವರನ್ನು ನೆನೆಯುವುದು ನಮಗೆ ರೂಢಿಯಾಗಿದೆ. ನನಗಾದರೋ ಅವರ ಬಾಳಿನಲ್ಲಿ ಅದಕ್ಕಿಂತ ಹಿರಿದಾಗಿ ಕಾಣುವುದು, ಅದಕ್ಕೆ ಹದಿಮೂರು ವರುಷ ಮೊದಲು ಅವರು ಕೈಗೊಂಡ ಒಂದು ನಿರ್ಧಾರ.

ರಾಮನ್ನರು ಜನಿಸಿದ್ದು 1888ರ ನವೆಂಬರ್ 7ರಂದು, ತಿರುಚಿನಾಪಳ್ಳಿಯಲ್ಲಿ. ತಂದೆ ಗಣಿತ, ಭೌತಶಾಸ್ತ್ರಗಳ ಅಧ್ಯಾಪಕರು. ಮದರಾಸಿನಲ್ಲಿ ಓದುತ್ತಿದ್ದಾಗಲೇ, ಹದಿನೆಂಟರ ವಯಸ್ಸಿನಲ್ಲಿ, ಬೆಳಕನ್ನು ಕುರಿತ ಅವರ ಪ್ರಬಂಧ ಲಂಡನ್ನಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆದರೆ ಆಗಿನ ಕಾಲಕ್ಕೆ ವಿಜ್ಞಾನವು ಅನ್ನ ಕೊಡುವ ವಿದ್ಯೆಯಾಗಿರಲಿಲ್ಲ. 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆ ಸೇರಿ ಅವರು ಕಲಕತ್ತೆಗೆ ತೆರಳಿದರು. ಹಗಲೆಲ್ಲ ಲೆಕ್ಕಪತ್ರ, ಬೆಳಗು ಸಂಜೆಗಳಲ್ಲಿ ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಕಟ್ಟಿದ ವಿಜ್ಞಾನ ಸಂಘದ ಪ್ರಯೋಗಶಾಲೆ. 1917ರಲ್ಲಿ ಕಲಕತ್ತಾ ವಿಶ್ವವಿದ್ಯಾನಿಲಯವು ಪ್ರಾಧ್ಯಾಪಕ ಪೀಠಕ್ಕೆ ಕರೆದಾಗ, ಹೆಚ್ಚಿನ ಸಂಬಳದ, ಮೇಲೇರುವ ಭರವಸೆಯ ಆ ಅಧಿಕಾರವನ್ನು ಬಿಟ್ಟುಕೊಟ್ಟು ಬಂದರು. ನಾನು ಹೇಳಿದ ನಿರ್ಧಾರ ಇದೇ.

ಅವರ ಕಣ್ಣಿನಷ್ಟೇ ಕಿವಿಯೂ ಚುರುಕು. ಸಾಧಾರಣ ಚರ್ಮವಾದ್ಯವನ್ನು ಬಡಿದಾಗ ಹೊರಡುವ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ಅದರಿಂದಲೇ ಅದು ಸದ್ದಾಗಿಯೇ ಉಳಿಯುತ್ತದೆ. ಮೃದಂಗದ ಮುಖದ ನಡುವೆ ಹಚ್ಚಿದ ಕಪ್ಪು ಲೇಪದ ಭಾರವು ಚರ್ಮದ ಕಂಪನಗಳನ್ನು ತಿದ್ದಿ ಆ ಹೊಂದಿಕೆಯನ್ನು ತರುತ್ತದೆಂಬುದನ್ನು ಅವರು ತೋರಿಸಿಕೊಟ್ಟರು. ನಮ್ಮ ಕುಶಲಿಗಳು ಕೈಯಿಂದ ಕಂಡುಕೊಂಡಿದ್ದಕ್ಕೆ ಹೀಗೆ ಗಣಿತದ ಸಾಕ್ಷಿ ದೊರೆಯಿತು.

1921ರಲ್ಲಿ ವಿಲಾಯತಿಯಿಂದ ಮರಳುವಾಗ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಕಡಲಿನ ಬಣ್ಣ ಆಕಾಶದ ಪ್ರತಿಬಿಂಬವೆಂದು ರೇಲಿ ಮಹಾಶಯರು ಹೇಳಿದ್ದರು. ರಾಮನ್ನರು ಕಿಸೆಯಲ್ಲಿದ್ದ ನಿಕೋಲ್ ಪಟ್ಟಕದಿಂದ ಆ ಪ್ರತಿಬಿಂಬವನ್ನು ತಡೆದು ನೋಡಿದರು. ನೀಲಿ ಅಳಿಯಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ಅವರು ನಿರ್ಣಯಿಸಿದರು. ನೀರು ಕೆಂಪನ್ನು ಹೀರಿಕೊಳ್ಳುವುದೂ ಆ ನೀಲಿಗೆ ದೊಡ್ಡ ಕಾರಣವೆಂದು ಇಂದು ನಾವು ಬಲ್ಲೆವು. ಆದರೆ ಆ ದಿನದ ಪ್ರಶ್ನೆ ಅವರನ್ನು ಇನ್ನೂ ಮುಂದಕ್ಕೆ ಒಯ್ದಿತು.

ಚದರಿದ ಬೆಳಕಿನ ಬಣ್ಣ ಬದಲಾಗುವುದುಂಟೇ? ಏಳು ವರುಷಗಳ ಕಾಲ ಅವರೂ ಅವರ ಶಿಷ್ಯರೂ ಹತ್ತಾರು ದ್ರವಗಳನ್ನು ಶುದ್ಧಗೊಳಿಸಿ ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು ಉತ್ತರ ಖಚಿತವಾಯಿತು. ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಹಾಯಿಸಿದಾಗ ಅದರ ಅತ್ಯಲ್ಪ ಪಾಲು, ಚದರಿದ್ದರಲ್ಲಿ ಕೋಟಿಗೊಂದರಷ್ಟು ಎನ್ನಬಹುದು, ಬೇರೆ ಬಣ್ಣ ತಳೆದು ಹೊರಬರುತ್ತದೆ. ಬೆಳಕು ಅಣುವನ್ನು ತಾಗಿದಾಗ ತನ್ನ ಶಕ್ತಿಯಲ್ಲಿ ಕೊಂಚವನ್ನು ಅದರ ಕಂಪನಕ್ಕೆ ಕೊಡುತ್ತದೆ, ಇಲ್ಲವೆ ಅದರಿಂದ ಪಡೆಯುತ್ತದೆ. ಕೊಟ್ಟು ಕೊಂಡ ಆ ಲೆಕ್ಕದಿಂದಲೇ ಅಣು ಯಾವುದೆಂದು ತಿಳಿಯುತ್ತದೆ. ಈ ಕೆಲಸದಲ್ಲಿ ಕೆ. ಎಸ್. ಕೃಷ್ಣನ್ನರ ಪಾಲು ದೊಡ್ಡದು. ಅದೇ ತಿಂಗಳು ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದನ್ನೇ ಕಂಡಿದ್ದರು. ಅವರ ವರದಿ ತಡವಾಗಿ ಪ್ರಕಟವಾಯಿತು. 1930ರ ಪಾರಿತೋಷಕ ರಾಮನ್ನರೊಬ್ಬರಿಗೇ ಸಂದಿತು. ಈ ಮಾತನ್ನು ಮರೆಮಾಚುವುದು ಅವರಿಗೆ ಗೌರವ ತರಲಾರದು.

ಹೊಸ ಶೋಧದ ಬಗ್ಗೆ ಅವರು ವಿಸ್ತಾರವಾಗಿ ಉಪನ್ಯಾಸವಿತ್ತಿದ್ದು ನಮ್ಮ ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. ಐದು ವರುಷಗಳ ತರುವಾಯ ಅದೇ ಊರು ಅವರ ಮನೆಯಾಯಿತು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ಅವರು, ಭೌತಶಾಸ್ತ್ರಕ್ಕೆ ಅಲ್ಲಿ ನೆಲೆ ಒದಗಿಸಿದರು. ಆದರೆ ಆಡಳಿತಕ್ಕೂ ಅವರ ನಿಷ್ಠುರ ಸ್ವಭಾವಕ್ಕೂ ಹೊಂದಲಿಲ್ಲ. 1937ರಲ್ಲಿ ನಿರ್ದೇಶಕ ಪದವಿ ಬಿಡಬೇಕಾಯಿತು. ಅವಮಾನ ಸಣ್ಣದಲ್ಲ, ಆದರೂ ಊರು ಬಿಡದೆ, ಪ್ರಾಧ್ಯಾಪಕರಾಗಿಯೇ 1948ರವರೆಗೆ ಅಲ್ಲಿ ದುಡಿದರು. ಬಳಿಕ ಮೈಸೂರಿನ ಅರಸರು ಕೊಟ್ಟ ನೆಲದಲ್ಲಿ ತಮ್ಮದೇ ಸಂಶೋಧನಾಲಯ ಕಟ್ಟಿ, ಹರಳು, ರತ್ನ, ಹೂಗಳ ಬಣ್ಣಗಳನ್ನು ಅಭ್ಯಸಿಸಿದರು. 1954ರಲ್ಲಿ ಭಾರತರತ್ನ ಬಂತು. 1970ರ ನವೆಂಬರ್ 21ರಂದು ತೀರಿಕೊಂಡಾಗ ಆ ಸಂಶೋಧನಾಲಯದ ಅಂಗಳದಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು.

1960ರಲ್ಲಿ ಲೇಸರ್ ಬಂದ ಮೇಲೆ ರಾಮನ್ ಪರಿಣಾಮದ ಬಳಕೆ ನೂರ್ಮಡಿಸಿತು. ಔಷಧಿಯ ಶುದ್ಧಿ, ರತ್ನದ ಸಾಚಾತನ ಇವನ್ನು ಅದರಿಂದ ಅರಿಯುತ್ತಾರೆ. 2021ರಲ್ಲಿ ಮಂಗಳಗ್ರಹಕ್ಕಿಳಿದ ಪರ್ಸೆವೆರೆನ್ಸ್ ಯಂತ್ರವೂ ಅಲ್ಲಿನ ಕಲ್ಲುಗಳನ್ನು ಪರೀಕ್ಷಿಸಲು ಅದನ್ನು ಹೊತ್ತೊಯ್ದಿದೆ. ಉಪಕರಣವಿಲ್ಲವೆಂದು ಕೈಕಟ್ಟಿ ಕೂರುವ ನಮ್ಮ ಶಾಲೆಗಳ ಮಕ್ಕಳಿಗೆ ಇಷ್ಟನ್ನಾದರೂ ತಿಳಿಸೋಣ: ಇವೆಲ್ಲಕ್ಕೂ ಮೊದಲು ಇದ್ದದ್ದು ಬಿಸಿಲು, ಎರಡು ಬಣ್ಣದ ಗಾಜು, ಶುದ್ಧಗೊಳಿಸಿದ ದ್ರವ, ಮತ್ತು ಕಾಯಲು ಸಿದ್ಧವಾದ ಕಣ್ಣು.