ಎದೆಬಡಿತಕ್ಕೆ ಅಕ್ಷರ ಕೊಟ್ಟವರು

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಒಂಬತ್ತರಲ್ಲಿ ನಡೆಯುತ್ತಿತ್ತು. ತಪಾಸಣೆಗೆ ಹೋದವಳು ಮುಖ ಸಣ್ಣದು ಮಾಡಿಕೊಂಡು ಬಂದಳು. ಮಗುವಿನ ಎದೆಬಡಿತ ನಡುನಡುವೆ ತಪ್ಪುತ್ತದೆ ಅಂತ ಡಾಕ್ಟರಮ್ಮ ಹೇಳಿದರಂತೆ. ಭಾವ ಊರಲ್ಲಿರಲಿಲ್ಲ. ಮರುದಿನ ಲೋಕಲ್ ಹಿಡಿದು ದೊಡ್ಡ ಆಸ್ಪತ್ರೆಗೆ ಅವಳ ಜೊತೆ ಹೋದವನು ನಾನು. ಹೊಟ್ಟೆಯ ಮೇಲೆ ನಾಲ್ಕೈದು ಪಟ್ಟಿ ಅಂಟಿಸಿ ಒಳಗಿನ ಮಗುವಿನ ಇ.ಸಿ.ಜಿ. ತೆಗೆಯುತ್ತೇವೆ ಅಂದರು. ಸೂಜಿಯಿಲ್ಲ, ನೋವಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತ ನನಗೆ ಮಾತ್ರ ಕೈಕಾಲು ತಣ್ಣಗಾಗಿದ್ದವು. ಈ ವಿದ್ಯೆ ಕಂಡುಹಿಡಿದ ಪುಣ್ಯಾತ್ಮ ಯಾರಪ್ಪಾ ಅಂತ ಆವತ್ತೇ ಹುಡುಕಲು ಶುರುಮಾಡಿದೆ. ಸಿಕ್ಕವರು ವಿಲ್ಲೆಮ್ ಐಂಥೋವನ್.

ಡಚ್ಚರವರು, ಆದರೆ ಹುಟ್ಟಿದ್ದು ನಮ್ಮ ಕಡೆಗೇ ಹತ್ತಿರದ ಜಾವಾ ದ್ವೀಪದ ಸೆಮರಾಂಗಿನಲ್ಲಿ, 1860ರ ಮೇ 21ರಂದು. ತಂದೆ ಅಲ್ಲಿ ವೈದ್ಯರು. ಹುಡುಗನಿಗೆ ಆರು ವರ್ಷವಾದಾಗ ತಂದೆ ತೀರಿಹೋದರು. 1870ರಲ್ಲಿ ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು ಹಾಲೆಂಡಿನ ಉಟ್ರೆಕ್ಟ್‌ಗೆ ಬಂದರು. ಪರದೇಶದಲ್ಲಿ ಹುಟ್ಟಿ ಹತ್ತು ವರ್ಷಕ್ಕೆ ಸ್ವದೇಶವನ್ನು ನೋಡುವುದೆಂದರೇನು ಅನ್ನುವುದು ಮುಂಬಯಿಯಲ್ಲಿ ಹುಟ್ಟಿದ ನಮ್ಮಂಥ ಕನ್ನಡದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉಟ್ರೆಕ್ಟಿನಲ್ಲಿ ಮೆಡಿಕಲ್ ಸೇರಿದರು. ಆಟದಲ್ಲೂ ಮುಂದು. ಒಮ್ಮೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ನಾವಾಗಿದ್ದರೆ ಪ್ಲಾಸ್ಟರ್ ಹಾಕಿಸಿಕೊಂಡು ರಜಾ ಹಾಕುತ್ತಿದ್ದೆವು. ಅವರು ಕೈ ಹೇಗೆ ತಿರುಗುತ್ತದೆ ಅಂತ ಯೋಚಿಸಿ ಮೊಣಕೈ ಕೀಲಿನ ಬಗ್ಗೆ ಪ್ರಬಂಧವನ್ನೇ ಬರೆದರು! 25ನೆಯ ವಯಸ್ಸಿನಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು, ಕೊನೆತನಕ ಅಲ್ಲೇ ಉಳಿದರು.

ಹೃದಯದ ವಿದ್ಯುತ್ತನ್ನು ಮನುಷ್ಯನ ಮೈಮೇಲಿಂದ ಮೊದಲು ದಾಖಲಿಸಿದವರು ಇವರಲ್ಲ. 1887ರಲ್ಲಿ ಲಂಡನ್ನಿನ ಆಗಸ್ಟಸ್ ವಾಲರ್ ಪಾದರಸ ತುಂಬಿದ ಸಣ್ಣ ಗಾಜಿನ ನಳಿಕೆಯಿಂದ ಅದನ್ನು ಮಾಡಿದ್ದರು. ಅವರ ಬುಲ್‌ಡಾಗ್ ಜಿಮ್ಮಿ ಉಪ್ಪುನೀರಲ್ಲಿ ಕಾಲಿಟ್ಟು ನಿಂತು ಪ್ರಯೋಗಕ್ಕೆ ಒದಗುತ್ತಿತ್ತು. ಐಂಥೋವನ್ 1889ರಲ್ಲಿ ಬಾಸೆಲ್ ನಗರದ ಸಮ್ಮೇಳನದಲ್ಲಿ ವಾಲರರ ಪ್ರಯೋಗ ನೋಡಿ ಬಂದರು. ವಾಲರರಿಗೆ ಮಾತ್ರ ಇದು ಆಸ್ಪತ್ರೆಗಳಲ್ಲಿ ಅಷ್ಟೇನೂ ಬಳಕೆಗೆ ಬಂದೀತೆಂದು ಅನ್ನಿಸಿರಲಿಲ್ಲ.

ಪಾದರಸ ಮಂದಗತಿಯದು, ಹೃದಯ ಒಂದು ಬರೆದರೆ ಅದು ಇನ್ನೊಂದು ತೋರಿಸುತ್ತಿತ್ತು. ಐಂಥೋವನ್ ಲೆಕ್ಕ ಹಾಕಿ ತಪ್ಪು ತಿದ್ದಿದರು. ತಿದ್ದದ ಗೆರೆಯ ಏರಿಳಿತಗಳಿಗೆ ಎ, ಬಿ, ಸಿ, ಡಿ ಎಂದಿದ್ದುದರಿಂದ, ತಿದ್ದಿದ ಗೆರೆಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಕೊಟ್ಟರು. ಅದು 1895ರಲ್ಲಿ. ಇವತ್ತಿಗೂ ಡಾಕ್ಟರುಗಳು ಓದುವುದು ಅದೇ ಐದಕ್ಷರ.

ಆದರೆ ಪ್ರತಿ ರೋಗಿಗೂ ಕೂತು ಲೆಕ್ಕ ಹಾಕುವುದು ಸಾಧ್ಯವೇ? ಅದಕ್ಕೇ ಹೊಸ ಯಂತ್ರ ಕಟ್ಟಿದರು. 1901ರಲ್ಲಿ ಅದರ ವಿವರ ಪ್ರಕಟವಾಯಿತು: ತಂತಿ ಗ್ಯಾಲ್ವನೋಮೀಟರ್. (ನನಗೆ ಈ ಹೆಸರು ಫಿಸಿಕ್ಸ್ ಪ್ರಾಕ್ಟಿಕಲ್ಲಿನ ಪೀಡೆ.) ಕರಗಿದ ಸ್ಫಟಿಕವನ್ನು ಬಾಣದ ತುದಿಗೆ ಹತ್ತಿಸಿ ಬಾಣ ಬಿಟ್ಟರೆ ಹಿಂದೆ ಕೂದಲಿಗಿಂತ ಸಣ್ಣ ಎಳೆ ಬರುತ್ತದೆ. ಅದಕ್ಕೆ ಬೆಳ್ಳಿ ಲೇಪಿಸಿ ದೊಡ್ಡ ಅಯಸ್ಕಾಂತದ ಮಧ್ಯೆ ಬಿಗಿದರು. ಹೃದಯದ ವಿದ್ಯುತ್ತು ಹರಿದಾಗ ಎಳೆ ಅಲುಗುತ್ತದೆ. ನೆರಳು ಫೋಟೋ ಪಟ್ಟಿಯ ಮೇಲೆ ಬೀಳುತ್ತದೆ. ಎಳೆಗೆ ತೂಕವೇ ಇಲ್ಲ, ಯಂತ್ರಕ್ಕೆ ಸುಮಾರು 270 ಕಿಲೋ! ನಡೆಸಲು ಐದು ಜನ. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂರಬೇಕು. ಆಸ್ಪತ್ರೆಗೆ ಒಯ್ಯಲಾಗದ ಯಂತ್ರಕ್ಕೆ 1905ರಲ್ಲಿ ಆಸ್ಪತ್ರೆಯನ್ನೇ ತಂತಿಯಲ್ಲಿ ತಂದರು: ಒಂದೂವರೆ ಕಿಲೋಮೀಟರ್ ದೂರದ ರೋಗಿಗಳ ಎದೆಬಡಿತ ಟೆಲಿಫೋನ್ ತಂತಿಯ ಮೂಲಕ ಪ್ರಯೋಗಾಲಯ ತಲುಪಿತು.

ಮರುವರ್ಷ, 1906ರಲ್ಲಿ, ಮ್ಯೂನಿಕ್ಕಿನ ಮ್ಯಾಕ್ಸ್ ಕ್ರೆಮರ್ ಇದೇ ಬಗೆಯ ಯಂತ್ರ ಹಿಡಿದು ಗರ್ಭಿಣಿಯೊಬ್ಬಳ ಒಡಲಿನಿಂದ ಎರಡು ಹೃದಯಗಳ ಗೆರೆ ತೆಗೆದರು. ತಾಯಿಯದು ದೊಡ್ಡ ಏರು, ನಡುವೆ ಮಗುವಿನದು ಚಿಕ್ಕ ಚಿಕ್ಕ ಗೀಟು. (ಇದೇ ಕ್ರೆಮರ್ ಕತ್ತಿ ನುಂಗುವ ಕಸುಬಿನವನೊಬ್ಬನಿಗೆ ವಿದ್ಯುದ್ವಾರ ನುಂಗಿಸಿ ಅನ್ನನಾಳದಿಂದಲೂ ಇ.ಸಿ.ಜಿ. ತೆಗೆದವರು!) ಕಷ್ಟ ಏನೆಂದರೆ ಮಗುವಿನ ಸದ್ದು ತೀರ ಸಣ್ಣದು, ಕೆಲವು ಹತ್ತು ಮೈಕ್ರೋವೋಲ್ಟ್ ಮಾತ್ರ. ಮೇಲೆ ತಾಯಿಯ ಹೃದಯದ ಅಬ್ಬರ. ಸುಮಾರು 28ರಿಂದ 32ನೆಯ ವಾರದಲ್ಲಿ ಮಗುವಿನ ಮೈಗೆ ಬೆಣ್ಣೆಯಂಥ ಲೇಪ ಬಂದು ವಿದ್ಯುತ್ತನ್ನು ಇನ್ನೂ ತಡೆಯುತ್ತದೆ. 1975ರಲ್ಲಿ ಅಮೆರಿಕದ ಬರ್ನಾರ್ಡ್ ವಿಡ್ರೋ ಮತ್ತು ಸಂಗಡಿಗರು, ತಾಯಿಯ ಎದೆಯ ಗೆರೆಯನ್ನು ಬೇರೆಯಾಗಿ ಪಡೆದು ಹೊಟ್ಟೆಯ ಗೆರೆಯಿಂದ ಅದನ್ನು ಕಳೆಯುವ ಉಪಾಯ ತೋರಿಸಿದರು. ಆಮೇಲೆ ಕಂಪ್ಯೂಟರು ಕೆಲಸ ಹಗುರ ಮಾಡಿತು.

ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಂತು. ಆಗ ಅವರು ಅಮೆರಿಕದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದರು. ಯಂತ್ರ ಕಟ್ಟಲು ಹೆಗಲು ಕೊಟ್ಟ ಸಹಾಯಕ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಬಡತನದಲ್ಲಿದ್ದ ಅವನ ಸೋದರಿಯರನ್ನು ಹುಡುಕಿ ಹಣದಲ್ಲಿ ಅರ್ಧ ಕೊಟ್ಟರಂತೆ. ಕಥೆಯೋ ನಿಜವೋ, ನನಗಂತೂ ನಂಬಬೇಕೆನಿಸುತ್ತದೆ. 1927ರ ಸೆಪ್ಟೆಂಬರ್ 29ರಂದು ಲೈಡನ್ನಿನಲ್ಲಿ ತೀರಿಕೊಂಡರು.

ಬೆಂಚಿನ ಕಥೆ ಬಾಕಿಯಾಯ್ತು. ಒಂದು ಗಂಟೆ ಬಿಟ್ಟು ಒಳಗೆ ಕರೆದರು. ಅವಸರದಲ್ಲಿ ನಡುವೆ ಬೀಳುವ ಬಡಿತ ಅಷ್ಟೇ, ಹೆಚ್ಚಾಗಿ ತಾನೇ ಸರಿಹೋಗುತ್ತದೆ, ಆದರೂ ವಾರವಾರ ಬನ್ನಿ ಅಂದರು. ಅಕ್ಕ ನನ್ನ ಕೈ ಬಿಡದೆ ಆ ಕಾಗದದ ಪಟ್ಟಿಯನ್ನೇ ನೋಡುತ್ತಿದ್ದಳು. ಈಗ ಅಳಿಯನಿಗೆ ಎಂಟು ತಿಂಗಳು, ಗೋಡೆ ಹಿಡಿದು ನಿಲ್ಲುತ್ತಾನೆ. ಪಟ್ಟಿ ಕಪಾಟಿನಲ್ಲಿದೆ. ಆ ಬಗೆಯ ಕಾಗದದ ಮಸಿ ಮಾಸಿಹೋಗುತ್ತದೆಂದು ಯಾರೋ ಹೇಳಿದ್ದಕ್ಕೆ ಅಕ್ಕ ಅದರ ಜೆರಾಕ್ಸ್ ಮಾಡಿಸಿಕೊಂಡು ಬಾರೋ ಅಂತ ನನ್ನ ಬೆನ್ನು ಹತ್ತಿದ್ದಾಳೆ.