ಕುದ್ಮುಲ್ ರಂಗರಾಯರು: ಕೂಲಿಯವರ ಮಕ್ಕಳಿಗೊಂದು ನೆಲೆ

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಹೀಗಾಗಿ ನಮ್ಮ ಶಾಲೆಗಳ ಮಕ್ಕಳು ಅವರನ್ನು ಮಂಗಳೂರಿನವರೆಂದೇ ತಿಳಿದಿರುತ್ತಾರೆ. ಆದರೆ ಅವರು ಜನಿಸಿದ್ದು 1859ರಲ್ಲಿ, ಕಾಸರಗೋಡಿನ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಅಂದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮದೇ ನೆಲದಲ್ಲಿ.

ಸಾರಸ್ವತ ಬ್ರಾಹ್ಮಣ ಕುಟುಂಬ. ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ರಂಗರಾಯರು ಮಂಗಳೂರಿಗೆ ಬಂದು, ಅಲ್ಪ ಸಂಬಳದ ಶಿಕ್ಷಕರಾಗಿ ದುಡಿಯುತ್ತಲೇ ಓದಿ ವಕೀಲರಾದರು. ಬಡವರ ಪರವಾದ ವಕೀಲರೆಂದು ಹೆಸರಾದರು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅಸ್ಪೃಶ್ಯರೆನಿಸಿದ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಮುಂದೆ ಬರಲಿಲ್ಲ. ಕ್ರೈಸ್ತ ಶಿಕ್ಷಕರು ಬಂದರು. ಸುತ್ತಲಿನವರ ವಿರೋಧದಿಂದ ಶಾಲೆ ನಿಂತ ನೆಲದಲ್ಲಿ ನಿಲ್ಲಲಾರದೆ ಸ್ಥಳದಿಂದ ಸ್ಥಳಕ್ಕೆ ಅಲೆಯಿತು.

ಬಾಗಿಲು ತೆರೆದೊಡನೆ ಮಕ್ಕಳು ಬಂದರೆಂದಲ್ಲ. ತಂದೆತಾಯಿಯರು ಧಣಿಗಳ ಹೊಲಗಳಲ್ಲಿ ದುಡಿಯುವವರು. ಮಗು ಶಾಲೆಗೆ ಹೋದರೆ ಅದರ ಕೈಯ ದುಡಿಮೆಯೂ ಹೋಯಿತು, ಆ ಹೊತ್ತಿನ ಗಂಜಿಯೂ ಹೋಯಿತು. ರಂಗರಾಯರು ಇದನ್ನು ಪೋಷಕರ ಅಜ್ಞಾನವೆಂದು ತಳ್ಳಿಹಾಕಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನವೂ ಪುಡಿಗಾಸು ಕೊಟ್ಟರು. ಮಧ್ಯಾಹ್ನ ಊಟ ಹಾಕಿದರು. ಬಿಸಿಯೂಟವು ಸರಕಾರಿ ಯೋಜನೆಯಾಗುವುದಕ್ಕೆ ಬಹಳ ಹಿಂದಿನ ಮಾತಿದು. ದಿನವೂ ಹಾಜರಿ ಕೂಗುವ ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಪುಡಿಗಾಸೇ. ಗೈರುಹಾಜರಾದ ಮಗುವನ್ನು ಸೋಮಾರಿಯೆಂದು ಬರೆದುಕೊಳ್ಳುವುದು ಸುಲಭ. ಅದರ ಮನೆಯ ಒಲೆಯ ಕಡೆಗೆ ನೋಡಿದವರು ವಿರಳ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮಂಗಳೂರಿನ ಶೇಡಿಗುಡ್ಡೆಯಲ್ಲಿ ಜಾಗ ಪಡೆದು ಶಾಲೆ, ವಿದ್ಯಾರ್ಥಿನಿಲಯ, ಮಗ್ಗ ಹಾಗೂ ಮರಗೆಲಸದ ತರಬೇತಿಗಳನ್ನು ಒಂದೆಡೆ ತಂದರು. ಒಮ್ಮೆ ಸ್ವಂತ ನೆಲ ದೊರೆತ ಮೇಲೆ ಆ ಮಕ್ಕಳನ್ನು ಎದ್ದು ಹೋಗಿರೆನ್ನಲು ಯಾರಿಗೂ ಸಾಧ್ಯವಾಗಲಿಲ್ಲ. ಅತ್ತಾವರ, ಬೋಳೂರು, ಮೂಲ್ಕಿ, ಉಡುಪಿಯ ಕಡೆಗೂ ಶಾಲೆಗಳು ಹಬ್ಬಿದವು. ನಿವೇಶನವಿಲ್ಲದ ಕುಟುಂಬಗಳಿಗೆ ಭೂಮಿ ದೊರಕಿಸಲೂ ಅವರು ಶ್ರಮಿಸಿದರು.

ಇದಕ್ಕೆಲ್ಲ ಸ್ವಜಾತಿಯ ಬಹಿಷ್ಕಾರವೇ ಬೆಲೆಯಾಯಿತು. ಮನೆಯವರೂ ಅದನ್ನು ಉಂಡರು. ಆದರೂ ಹಿಂಜರಿಯದೆ, ಎಳೆವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಓದಿಸಿ, ಬೇರೆ ಜಾತಿಯ, ತಮಿಳುನಾಡಿನ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1938ರಲ್ಲಿ ಕೇಂದ್ರ ಶಾಸನಸಭೆಯನ್ನು ಪ್ರವೇಶಿಸಿದರು.

ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದ ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು, ಸಮಾಜವು ಕಟ್ಟಕಡೆಯಲ್ಲಿಟ್ಟಿದ್ದ ಜನರೇ ಹೊರಬೇಕೆಂಬುದು ಅವರ ಇಚ್ಛೆಯಾಗಿತ್ತು. ಹಾಗೆಯೇ ಅವರು ಹೊತ್ತರು.