ಮೊಬೈಲ್ ನಿಜಕ್ಕೂ ಮನಸ್ಸು ಓದುತ್ತಾ? 1856ರ ಪೆಟ್ಟಿಗೆಯ ಕಥೆ ಕೇಳಿ

ನೀವು ಮನಸ್ಸಿನಲ್ಲೇ ನೆನೆದ ಹೆಸರನ್ನು ಜಾದೂಗಾರ ಥಟ್ಟನೆ ಹೇಳಿಬಿಡುವ ವಿಡಿಯೋ ನಿಮಗೂ ಫಾರ್ವರ್ಡ್ ಆಗಿರಬಹುದು. ಇಂಥ ಹಲವು ಟ್ರಿಕ್‌ಗಳಲ್ಲಿ, ಮಾಮೂಲಿ ಸರ್ಚ್ ಪುಟದಂತೆ ಕಾಣುವ ಕಡೆ ನೀವು ಟೈಪ್ ಮಾಡಿದ್ದು ಗುಟ್ಟಾಗಿ ಅವನ ಫೋನಿಗೆ ತಲುಪುತ್ತದೆ, ಅಷ್ಟೇ. ಹೊಸ ತಂತ್ರಜ್ಞಾನವನ್ನು ಬಚ್ಚಿಟ್ಟು ಬೆರಗುಗೊಳಿಸುವ ಈ ಉಪಾಯ ಹಳೆಯದು. ನಮಗೆ ಮೊದಲು ನೆನಪಾಗುವುದು ಫ್ರಾನ್ಸಿನ ರಾಬರ್ಟ್-ಹೂಡಿನ್. ಹುಡಿನಿ ತನ್ನ ವೇದಿಕೆಯ ಹೆಸರು ಕಟ್ಟಿಕೊಂಡಿದ್ದು ಇವರ ಹೆಸರಿನಿಂದಲೇ.

1805ರಲ್ಲಿ ಬ್ಲೋವಾದಲ್ಲಿ ಹುಟ್ಟಿದ ಇವರ ಕಸುಬು ಗಡಿಯಾರ ತಯಾರಿಕೆ. 1845ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ರಂಗಮಂದಿರ ತೆರೆದರು. ಪ್ರೇಕ್ಷಕರ ಕೈಯಲ್ಲಿದ್ದ ವಸ್ತು ಏನೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗ ಎಮಿಲ್ ಹೇಳುತ್ತಿದ್ದ. ಉತ್ತರ ಅಪ್ಪನ ಸಂಕೇತದಲ್ಲೇ ಅಡಗಿರುತ್ತಿತ್ತು.

1856ರಲ್ಲಿ ಫ್ರೆಂಚ್ ಸರ್ಕಾರ ಇವರನ್ನು ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿನ ಧಾರ್ಮಿಕ ಮುಖಂಡರ ಪವಾಡಗಳಿಗಿಂತ ಫ್ರೆಂಚರ ಶಕ್ತಿಯೇ ದೊಡ್ಡದು ಎಂದು ಜನರನ್ನು ನಂಬಿಸಬೇಕಿತ್ತು. ಮಗುವೂ ಎತ್ತಬಲ್ಲ ಸಣ್ಣ ಪೆಟ್ಟಿಗೆಯನ್ನು ಕಟ್ಟುಮಸ್ತಾದ ಆಳೊಬ್ಬ ಅಲುಗಿಸಲೂ ಆಗದೆ ಬೆವರಿದ. ಪೆಟ್ಟಿಗೆಯ ತಳದಲ್ಲಿ ಕಬ್ಬಿಣ, ವೇದಿಕೆಯಡಿ ವಿದ್ಯುತ್ಕಾಂತ! ಹಿಡಿಕೆಯಲ್ಲಿ ಕರೆಂಟ್ ಹರಿದಾಗ ಆತ ಕಿರುಚಿ ಓಡಿದ. ಇದು ಅವರದೇ ಆತ್ಮಕಥೆಯ ವರ್ಣನೆ, ಹಾಗಾಗಿ ಸ್ವಲ್ಪ ಉಪ್ಪು-ಖಾರ ಸೇರಿರಬಹುದು.

ಇದೆಲ್ಲ ಪವಾಡವಲ್ಲ, ಕೈಚಳಕ ಎಂದು ಆಮೇಲೆ ದುಭಾಷಿಗಳಿಂದ ತಿಳಿಸಿದರಂತೆ. ಆದರೆ ಮೊದಲು ಹೆದರಿಸಿದ್ದು ನಮಗಂತೂ ಹಿಡಿಸಲಿಲ್ಲ. ರಾಬರ್ಟ್-ಹೂಡಿನ್ 1871ರಲ್ಲಿ ತೀರಿಕೊಂಡರು.